ಐದನೆಯ ವರ್ಷದ ಹಾಲು

ಕತ್ರೀನಾಳಿಗೆ ಕಾಯುವುದೆಂದರೆ ಮೈಮೇಲೆ ಕೆಂಪಿರುವೆ ಬಿಟ್ಟ ಹಾಗೆ. ಅನ್ನ ಬೇಯುವುದರೊಳಗೆ ಮೂರು ಸಲ ಮುಚ್ಚಳ ತೆಗೆದು ನೋಡುವವಳು, ಬಸ್ಸಿನ ಶಬ್ದ ಕೇಳುವ ಮೊದಲೇ ರಸ್ತೆಯ ನಡುವೆ ಹೋಗಿ ನಿಲ್ಲುವವಳು. ಅಂಥವಳ ಪಾಲಿಗೆ ದೇವರು ಹುಡುಕಿ ಹುಡುಕಿ ಕೊಟ್ಟದ್ದು ರಬ್ಬರ್ ಮರವನ್ನು. ನೆಟ್ಟು ಏಳು ವರ್ಷ ಕಳೆಯದೆ ಒಂದು ತೊಟ್ಟು ಹಾಲು ಕೊಡದ ಮರ. ದೇವರಿಗೂ ಕೆಲವೊಮ್ಮೆ ತಮಾಷೆ ಮಾಡಬೇಕೆನಿಸುತ್ತದೆಯೋ ಏನೋ.

ಮದುವೆಯಾದ ಮರುವರ್ಷ, ಎಪ್ಪತ್ತಾರರ ಮಳೆಗಾಲಕ್ಕೆ, ಅವಳೂ ಗಂಡ ಔತನೂ ಕೇರಳದಿಂದ ಬಂದು ಪುತ್ತೂರು ಕಡೆಯ ಕೋಡಿಂಬಾಳದ ಗುಡ್ಡದಲ್ಲಿ ಮುನ್ನೂರು ರಬ್ಬರ್ ಸಸಿ ನೆಟ್ಟಿದ್ದರು. ಔತನ ತಾಯಿ ಬ್ರಿಜಿತ್ ಜೊತೆಗಿದ್ದಳು. ಮರ ದೊಡ್ಡದಾಗುವ ತನಕ ಮೂವರ ಹೊಟ್ಟೆ ನಡೆಯಬೇಕಲ್ಲ? ಒಂದೂವರೆ ವರ್ಷ ಕಳೆಯುವುದರೊಳಗೆ ಔತ ಕಟ್ಟಡಗಳಿಗೆ ಕಬ್ಬಿಣ ಕಟ್ಟುವ ಕೆಲಸ ಹಿಡಿದು ದುಬಾಯಿಗೆ ಹೊರಟುನಿಂತ.

ಹೊರಡುವ ದಿನ ಅಂಗಳದಲ್ಲಿ ಪೆಟ್ಟಿಗೆ ಹಿಡಿದುಕೊಂಡೇ ಅವನು ಹೇಳಿದ್ದ: "ಮರಕ್ಕೆ ಕತ್ತಿ ಇಟ್ಟ ದಿನ ಒಂದು ಕಾಗದ ಹಾಕು. ಹಾಲು ಬಂತು ಅಂತ ಒಂದು ಗೆರೆ ಸಾಕು. ಮತ್ತೆ ನಾನು ಒಂದು ದಿವಸ ಅಲ್ಲಿ ನಿಲ್ಲುದಿಲ್ಲ."

ಆ ಮೇಲೆ ಅವನು ರಜೆಯಲ್ಲಿ ಬಂದದ್ದು ಒಂದೇ ಸಲ, ಎಂಬತ್ತರಲ್ಲಿ, ಎರಡು ತಿಂಗಳಿಗೆ. ಮುಂದಿನ ರಜೆ ಎಂಬತ್ತೆರಡರ ಏಪ್ರಿಲಿಗೆ. ಎಂಬತ್ತೊಂದಕ್ಕೆ ಮದುವೆಯಾಗಿ ಆರು ವರ್ಷ, ಇಬ್ಬರೂ ಒಂದೇ ಚಾವಣಿಯ ಕೆಳಗಿದ್ದದ್ದು ಎರಡೂವರೆ ವರ್ಷವೂ ಆಗದು. ಮಡಿಲು ಬರಿದಾಗಿತ್ತು, ಕತ್ರೀನಾಳಿಗೆ ಮೂವತ್ತೊಂದು ತುಂಬಿತ್ತು. ಚರ್ಚಿನಲ್ಲಿ ತನಗಿಂತ ಕಿರಿಯವರು ಸೊಂಟದ ಮೇಲೆ ಒಂದು, ಕೈಯಲ್ಲೊಂದು ಮಗುವನ್ನು ಹಿಡಿದುಕೊಂಡು ಬಂದಾಗ ಅವಳು ಪೀಠದ ಕಡೆ ಬಿಟ್ಟು ಬೇರೆಲ್ಲಿಯೂ ನೋಡುತ್ತಿರಲಿಲ್ಲ. ಔತ ಬರಬೇಕು, ಬಂದವನು ಮತ್ತೆ ಹೋಗಬಾರದು. ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕೆ ಅಡ್ಡ ನಿಂತದ್ದು ಮರದ ಸುತ್ತಳತೆ.

ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಎದೆಮಟ್ಟದಲ್ಲಿ ಮರದ ಸುತ್ತು ಇಪ್ಪತ್ತು ಇಂಚು ಬರಬೇಕು, ಆಮೇಲೆ ಕತ್ತಿ. ಕತ್ರೀನಾ ದಿನ ಬಿಟ್ಟು ದಿನ ನೂಲು ಹಿಡಿದು ಗುಡ್ಡ ಹತ್ತುವಳು. ಹದಿನಾರು, ಹದಿನಾರೂವರೆ, ಒಂದೆರಡು ಮರ ಹದಿನೇಳು. ಕೆಲವು ದಿನ ಎದೆಮಟ್ಟ ಬಿಟ್ಟು ಮೊಣಕಾಲಿನ ಹತ್ತಿರ ನೂಲು ಸುತ್ತಿ ಹತ್ತೊಂಬತ್ತು ಬಂತೆಂದು ಸಮಾಧಾನ ಪಟ್ಟುಕೊಳ್ಳುವುದೂ ಇತ್ತು. ಮರಕ್ಕೆ ಮೋಸವಾಗುತ್ತಿರಲಿಲ್ಲ, ಮೋಸ ಹೋಗುತ್ತಿದ್ದದ್ದು ಅವಳೇ.

ಬ್ರಿಜಿತ್ ಬೇರೆಯೇ ಬಗೆಯ ಹೆಂಗಸು. ಎಪ್ಪತ್ತರ ಮೇಲೆ ವಯಸ್ಸು, ಮಾತು ಕಡಿಮೆ. ಮುಸ್ಸಂಜೆಗೆ ದೀಪ ಹಚ್ಚಿ, ಚಾಪೆ ಹಾಸಿ, ದಪ್ಪದ ಮಲಯಾಳಂ ವೇದಪುಸ್ತಕ ಬಿಡಿಸಿ ದಿನಕ್ಕೊಂದು ಅಧ್ಯಾಯ ಓದುವಳು. ಮೊದಲ ಪುಟದಿಂದ ಶುರು, ಕೊನೆಯ ಪುಟಕ್ಕೆ ಮುಕ್ತಾಯ, ಮತ್ತೆ ಮೊದಲಿನಿಂದ. ಒಂದು ಸುತ್ತು ಮುಗಿಯಲು ಮೂರು ವರ್ಷ ದಾಟುತ್ತದೆ. ಇಂಥವನು ಇಂಥವನನ್ನು ಪಡೆದನು ಎಂಬ ಉದ್ದುದ್ದ ಹೆಸರಿನ ಪಟ್ಟಿಯನ್ನೂ ಅವಳು ಬಿಡುತ್ತಿರಲಿಲ್ಲ.

"ಅಮ್ಮಚ್ಚಿ, ಇದೊಂದು ಹಾರಿಸಿ ಮುಂದೆ ಹೋಗುವ," ಎಂದು ಸೊಸೆ ಗೋಗರೆದರೆ, "ದೇವರು ಬರೆಸಿದ್ದನ್ನು ಹಾರಿಸ್ಲಿಕ್ಕೆ ನಾನು ಯಾರು ಮೋಳೇ?" ಎಂದು, ಮಗಳನ್ನು ಕರೆದ ಹಾಗೆ ಕರೆದು, ಕನ್ನಡಕ ಸರಿಮಾಡಿಕೊಳ್ಳುವಳು. ಕತ್ರೀನಾಳ ಮೈ ಚಾಪೆಯ ಮೇಲೆ, ಮನಸ್ಸು ಗುಡ್ಡದ ಮೇಲೆ. ಕಿವಿಗೆ ಬಿದ್ದದ್ದು ಎದೆಗೆ ಇಳಿಯುತ್ತಿರಲಿಲ್ಲ.

ಎಂಬತ್ತೊಂದರ ಅಕ್ಟೋಬರಿನ ಒಂದು ಸಂಜೆ ಮಾತ್ರ ಇಳಿಯಿತು. ಯಾಜಕರ ನಿಯಮಗಳ ಪುಸ್ತಕ ನಡೆದಿತ್ತು, ಕತ್ರೀನಾ ಆಕಳಿಸುತ್ತಿದ್ದಳು. ಜನರು ಹೊಸ ನಾಡಿಗೆ ಬಂದು ಮರ ನೆಟ್ಟರೆ ಮೂರು ವರ್ಷ ಅದರ ಫಲ ಮುಟ್ಟಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ, ಐದನೆಯ ವರ್ಷದ್ದು ನೆಟ್ಟವರಿಗೆ ಎಂದು ಮೋಶೆಗೆ ದೇವರು ಹೇಳಿದ ಭಾಗ ಬಂತು. ಕತ್ರೀನಾ ನೆಟ್ಟಗೆ ಕುಳಿತಳು.

"ಅಮ್ಮಚ್ಚಿ, ಇನ್ನೊಮ್ಮೆ ಓದಿ!"

ಆರು ವರ್ಷದಲ್ಲಿ ಸೊಸೆ ಒಮ್ಮೆಯೂ ಹೀಗೆ ಕೇಳಿದ್ದಿಲ್ಲ. ತನ್ನ ಪ್ರಾರ್ಥನೆ ಫಲಿಸಿತೆಂದು ಮುದುಕಿಗೆ ಕಣ್ಣು ತುಂಬಿ ಬಂತು. ಇನ್ನೊಮ್ಮೆ ಓದಿದಳು, ನಿಧಾನವಾಗಿ.

"ಹೊಸ ನಾಡಿಗೆ ಬಂದದ್ದು ನಾವೇ ಅಲ್ವಾ? ನೆಟ್ಟದ್ದು ಎಪ್ಪತ್ತಾರಕ್ಕೆ. ಐದು ವರ್ಷ ಆಯ್ತು. ಇಲ್ಲೇ ಬರೆದದ್ದು ಉಂಟು!"

ಬ್ರಿಜಿತ್ ಪುಸ್ತಕದಿಂದ ತಲೆಯೆತ್ತಿದಳು. "ಅದು ಹಣ್ಣಿನ ಮರದ ವಿಷಯ."

"ರಬ್ಬರಿಗೆ ಹಾಲೇ ಹಣ್ಣು."

"ಮೋಶೆ ರಬ್ಬರ್ ಮರ ನೋಡಿದ್ದಾನಾ ಹುಡುಗಿ?"

"ದೇವರು ನೋಡಿದ್ದಾರಲ್ಲ!"

ವಾದದಲ್ಲಿ ಕತ್ರೀನಾಳನ್ನು ಗೆದ್ದವರು ಕೋಡಿಂಬಾಳದಲ್ಲಿ ಯಾರೂ ಇರಲಿಲ್ಲ. "ಅವಸರ ಬೇಡ ಮೋಳೇ" ಎಂದಷ್ಟೇ ಹೇಳಿ ಬ್ರಿಜಿತ್ ಉಳಿದ ಸಾಲುಗಳನ್ನು ಓದಿ ಮುಗಿಸಿದಳು. ಕತ್ರೀನಾ ಕೇಳಲಿಲ್ಲ. ತನಗೆ ಬೇಕಾದದ್ದು ಸಿಕ್ಕಿದ ಮೇಲೆ ಕಿವಿ ಮುಚ್ಚಿಕೊಂಡಿತ್ತು.

ಮರುದಿನವೇ ಪಕ್ಕದ ಊರು ಆಲಂಕಾರಿಗೆ ಹೋಗಿ ಚಾಕೋನನ್ನು ಕರೆತಂದಳು. ಮೂವತ್ತು ವರ್ಷದಿಂದ ಸಿಪ್ಪೆ ಗೀರಿ ಹಾಲು ಇಳಿಸಿ ರಬ್ಬರ್ ಕಡಿಯುತ್ತಿದ್ದವನು, ಆ ಕಡೆಯಲ್ಲೆಲ್ಲ ಅವನ ಕೈಗೆ ಹೆಸರಿತ್ತು. ನಾಲ್ಕು ಮರ ನೋಡಿ, ಐದನೆಯದಕ್ಕೆ ಹೋಗಲೇ ಇಲ್ಲ.

"ಹತ್ತು ವರ್ಷದ ಹುಡುಗಿಗೆ ಮದುವೆ ಮಾಡಿಸ್ಲಿಕ್ಕೆ ಕರ್ಕೊಂಡು ಬಂದದ್ದಾ ನನ್ನನ್ನು?" ಎಂದ. "ಇನ್ನು ಎರಡು ವರ್ಷ ಕಳೀಲಿ. ಈಗ ಕತ್ತಿ ಹಾಕಿದ್ರೆ ಪಾಪ."

"ವೇದಪುಸ್ತಕದಲ್ಲಿ ಐದು ವರ್ಷ ಅಂತ ಉಂಟು ಚಾಕೋ ಚೇಟ್ಟಾ."

"ಹಾಗಾದ್ರೆ ಅಚ್ಚನನ್ನೇ ಕರೀರಿ, ಅವರೇ ಕಡಿಯಲಿ," ಎಂದು ಚಾಕೋ ಬೀಡಿ ಹಚ್ಚಿಕೊಂಡು ಗುಡ್ಡ ಇಳಿದ.

ಕತ್ರೀನಾ ಪಾದ್ರಿಯನ್ನು ಕರೆಯಲಿಲ್ಲ. ಕಡಬದ ಅಂಗಡಿಯಿಂದ ಕತ್ತಿ ತಂದಳು. ನವೆಂಬರಿನ ಒಂದು ಮುಂಜಾನೆ, ಇಬ್ಬನಿ ಆರುವ ಮೊದಲು, ತೋಟದ ಮೊದಲ ಸಾಲಿಗೆ ಹೋಗಿ ಶಿಲುಬೆಯ ಗುರುತು ಮಾಡಿ ಸಿಪ್ಪೆಗೆ ಕತ್ತಿಯಿಟ್ಟಳು. ಓರೆಯಾಗಿ ಎಳೆದಳು. ಏನೂ ಬರಲಿಲ್ಲ. ಇನ್ನೂ ಸ್ವಲ್ಪ ಆಳಕ್ಕೆ ಒತ್ತಿದಳು. ಬಂತು! ಬಿಳಿ ಹನಿಗಳು ಗೀರಿನುದ್ದಕ್ಕೂ ಮೂಡಿ, ಒಂದಕ್ಕೊಂದು ಸೇರಿ, ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ಇಳಿಯತೊಡಗಿದವು. ಕತ್ರೀನಾ ಮರವನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎರಡನೆಯ ಮರಕ್ಕೆ ಹೋದಳು, ಮೂರನೆಯದಕ್ಕೆ ಹೋದಳು. ಬಿಸಿಲೇರುವಷ್ಟರಲ್ಲಿ ನಲವತ್ತೆರಡು ಮರಕ್ಕೆ ಗೀರು ಬಿದ್ದಿತ್ತು.

ಬೇಲಿಯಾಚೆ ಹುಲ್ಲು ಕೊಯ್ಯುತ್ತಿದ್ದ ನೆರೆಮನೆಯ ವಸುಮತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಎಂತ ಮಾರಾಯ್ತಿ, ಇಷ್ಟು ಬೇಗ ಹಾಲಾ?"

"ದೇವರ ಲೆಕ್ಕದಲ್ಲಿ ಬೇಗ ಅಲ್ಲ," ಎಂದಳು ಕತ್ರೀನಾ ದೊಡ್ಡ ಗಂಟಲಿನಲ್ಲಿ.

ಕೈಯ ಅಂಟು ತೊಳೆಯುವ ಮೊದಲೇ ಕಾಗದ ಬರೆದಳು. ಹಾಲು ಬಂತು, ಬನ್ನಿ. ಎರಡೇ ಮಾತು. ಅಂಚೆಯ ಮಹಾಬಲ ಚೀಲ ಕಟ್ಟುವುದರೊಳಗೆ ಓಡಿಹೋಗಿ ಅವನ ಕೈಗೇ ಕೊಟ್ಟಳು.

ಮೂರು ವಾರ ಅವಳು ನೆಲದ ಮೇಲೆ ನಡೆಯಲಿಲ್ಲ. ಔತನ ಅಂಗಿಗಳನ್ನು ತೆಗೆದು ಬಿಸಿಲಿಗೆ ಹಾಕಿದಳು, ಮಂಚದ ಸಡಿಲ ಕಾಲು ಸರಿಮಾಡಿಸಿದಳು, ಬಸ್ಸು ನಿಂತ ಶಬ್ದ ಕೇಳಿದಾಗಲೆಲ್ಲ ಅಂಗಳದ ಅಂಚಿಗೆ ಓಡಿದಳು. ಸಂಜೆ ಅತ್ತೆ ಓದುತ್ತಿದ್ದದ್ದು ಯಾವ ಪುಸ್ತಕವೋ ಏನೋ, ಯಾರಿಗೆ ಬೇಕಿತ್ತು? ಆದರೆ ಗೆರಟೆಗೆ ಬೀಳುವ ಹಾಲು ದಿನದಿನಕ್ಕೆ ಕಡಿಮೆಯಾಯಿತು. ಆಮೇಲೆ ಗೀರಿನ ಬಾಯಿ ಕಪ್ಪಾಯಿತು. ಅಂಚಿನ ಸಿಪ್ಪೆ ಒಣಗಿ ಎದ್ದು, ಒಳಗಿನ ಮರ ಬೆಳ್ಳಗೆ ಕಾಣತೊಡಗಿತು.

ಡಿಸೆಂಬರಿನಲ್ಲಿ ಆ ದಾರಿಯಾಗಿ ಬಂದ ಚಾಕೋ ಒಂದು ಮರದ ಮೇಲೆ ಬೆರಳಾಡಿಸಿ, ಎದ್ದ ಸಿಪ್ಪೆಯ ಚೂರೊಂದನ್ನು ಕಿತ್ತು ನೋಡಿದ.

"ಸಿಪ್ಪೆಯಲ್ಲಿ ನಿಲ್ಲಿಸ್ಲಿಲ್ಲ ನೀವು. ಎಲುಬಿಗೇ ಹಾಕಿದ್ದೀರಿ," ಎಂದ. "ಈ ಬದಿ ಇನ್ನು ಸಮ ಆಗುದಿಲ್ಲ. ಆಚೆ ಬದಿ ಉಂಟು, ಅದಕ್ಕೆ ಕಾಯ್ಬೇಕು. ಬೇರೆ ಮರ ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳ್ತೇನೆ."

ಕತ್ರೀನಾ ಹೆದರಿದಳು. ಮರಕ್ಕಾಗಿ ಅಲ್ಲ. ಕಾಗದ ಹೋಗಿದೆ! ಒಂದು ತೊಟ್ಟು ಹಾಲಿಲ್ಲದ ತೋಟವನ್ನು ನಂಬಿ ಔತ ಅಲ್ಲಿ ಕೆಲಸ ಬಿಟ್ಟರೆ? ಅವತ್ತೇ ಇನ್ನೊಂದು ಕಾಗದ ಬರೆದಳು. ಹಾಕಿದ ಮೇಲೆ, ಅದು ಮುಟ್ಟಲು ಹದಿನೈದು ದಿನ ಬೇಕೆಂದು ಹೊಳೆದು, ಮರುದಿನ ಮೊದಲ ಬಸ್ಸಿಗೆ ಪುತ್ತೂರಿಗೆ ಹೋಗಿ ತಂತಿ ಕೊಟ್ಟಳು. ಹಾಲಿಲ್ಲ, ಬರಬೇಡಿ, ತಪ್ಪು ನನ್ನದು. ಗುಮಾಸ್ತರು ಓದಿ ಒಮ್ಮೆ ಅವಳ ಮುಖ ನೋಡಿದರು. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ಅತ್ತೆಗೆ ಒಂದಕ್ಷರ ಹೇಳಲಿಲ್ಲ. ಹೇಳುವುದಾದರೂ ಏನು? ಮಹಾಬಲನ ಸೈಕಲ್ ಗಂಟೆ ಕೇಳಿದರೆ ಅಡುಗೆಮನೆಗೆ ಓಡಿ ಅಡಗುವಳು, ಕೇಳದಿದ್ದರೆ ಅಂಗಳದ ಅಂಚಿಗೆ ಹೋಗಿ ನಿಲ್ಲುವಳು. ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾದವು. ಕ್ರಿಸ್ಮಸ್ ಬಂದು ಹೋಯಿತು. ಯಾವ ಕೆಲಸಕ್ಕೆ ಕೈಹಾಕಿದರೂ ಅರ್ಧಕ್ಕೆ ಬಿಟ್ಟು ಎದ್ದು ಹೋಗುವಳು.

ಜನವರಿಯ ಕೊನೆಯಲ್ಲಿ ಔತನ ಕಾಗದ ಬಂತು. ಕತ್ರೀನಾ ಬಚ್ಚಲಿನ ಹಿಂದೆ ನಿಂತು ಓದಿದಳು.

"ನಿನ್ನ ಕಾಗದ ಸಿಕ್ಕಿದ ದಿವಸವೇ ಕೆಲಸ ಬಿಟ್ಟೆ. ಟಿಕೇಟಿಗೂ ಹೇಳಿದ್ದೆ. ಎಂಟು ದಿವಸ ಕಳೆದು ತಂತಿ ಬಂತು. ಹಾಲಿಲ್ಲದೆ ಅಲ್ಲಿ ಬಂದು ಮೂವರೂ ಎಂತ ಮಾಡುದು? ಪುನಃ ಹೋಗಿ ಕೈಮುಗಿದೆ. ಹೊಸ ಕರಾರು ಮಾಡಿದ್ರೆ ಮಾತ್ರ ತೆಗೊಳ್ಳುದು ಅಂತ ಹೇಳಿದ್ರು. ಮೂರು ವರ್ಷ, ನಡುವೆ ರಜೆ ಇಲ್ಲ. ಏಪ್ರಿಲಿಗೆ ಬರ್ಲಿಕ್ಕೆ ಆಗುದಿಲ್ಲ. ನಿನ್ನ ಮೇಲೆ ಸಿಟ್ಟು ಮಾಡುವ ಅಂತ ಕೂತೆ, ಬರ್ಲಿಲ್ಲ. ಐದು ವರ್ಷದ ಮರ ಹಾಲು ಕೊಡುದಿಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ನಂಬಿದೆ. ಅಮ್ಮಚ್ಚಿಗೆ ಮೆಲ್ಲ ಹೇಳು."

ಎರಡು ತಿಂಗಳು ಕಳೆದರೆ ಬರುತ್ತಿದ್ದವನನ್ನು ಅವಳ ಕೈಯೇ ಮೂರು ವರ್ಷ ದೂರಕ್ಕೆ ತಳ್ಳಿತ್ತು. ಅವನು ಬರುವಾಗ ತನಗೆ ಮೂವತ್ತನಾಲ್ಕು. ಕತ್ರೀನಾ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. ಅಳು ಕೂಡ ಬರಲಿಲ್ಲ.

ಬ್ರಿಜಿತ್ ಜಗಲಿಯಲ್ಲಿ ಕುಳಿತಿದ್ದಳು. ಕಾಗದದ ಸದ್ದು ಕೇಳಿ ಮುಖ ಅರಳಿತು. "ಔತನದ್ದಾ? ಏಪ್ರಿಲಿಗೆ ಬರ್ತಾನಲ್ಲ?"

ಬರ್ತಾರೆ ಎಂದು ಹೇಳಿಬಿಡಲು ನಾಲಿಗೆಯ ತುದಿಯ ತನಕ ಬಂದಿತ್ತು. ಆದರೆ ಒಂದು ಸುಳ್ಳಿನ ಫಲ ಕೈಯಲ್ಲೇ ಇತ್ತಲ್ಲ. ಕತ್ರೀನಾ ಅತ್ತೆಯ ಕಾಲ ಬಳಿ ಕುಳಿತು ಮೊದಲಿನಿಂದ ಕೊನೆಯ ತನಕ ಹೇಳಿದಳು. ಬ್ರಿಜಿತ್ ಬೈಯಲಿಲ್ಲ. "ಮೂರು ವರ್ಷ," ಎಂದು ಒಮ್ಮೆ ಅಂದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಳು. ದೀಪ ಹಚ್ಚುವ ಹೊತ್ತಾದಾಗ ಗೋಡೆ ಹಿಡಿದುಕೊಂಡು ಎದ್ದು ಪುಸ್ತಕ ತೆಗೆದುಕೊಂಡಳು.

ಆ ಸಂಜೆ ಕತ್ರೀನಾಳಿಗೆ ಓಡಿಹೋಗಲು ಎಲ್ಲಿಯೂ ಜಾಗವಿರಲಿಲ್ಲ. ಮರ ನೋಡುವಂತಿಲ್ಲ, ಅಂಚೆ ಕಾಯುವಂತಿಲ್ಲ. ಬೇರೆ ದಾರಿಯಿಲ್ಲದೆ ಅತ್ತೆ ಓದುವುದನ್ನು ಕೇಳತೊಡಗಿದಳು. ಯೋಬನ ಕಥೆ. ಮಕ್ಕಳು ಸತ್ತದ್ದು, ಮೈಯೆಲ್ಲ ಹುಣ್ಣಾದದ್ದು, ಗೆಳೆಯರು ಬಂದು ಕುಳಿತದ್ದು. ಕೇಳುತ್ತ ಕೇಳುತ್ತ ಅವಳಿಗೇನೋ ವಿಚಿತ್ರವೆನಿಸಿತು. ಆ ಗೆಳೆಯರು ಬಾಯಿಬಿಡುವ ಮೊದಲೇ ಯೋಬನಿಗೆ ಕಳೆದುಕೊಂಡದ್ದೆಲ್ಲ ತಿರುಗಿ ಸಿಕ್ಕಿ, ಕಥೆಯೇ ಮುಗಿದುಹೋಗಿತ್ತು. ಒಂದು ಹೆಸರನ್ನೂ ಹಾರಿಸದ ಅತ್ತೆ ಮೂವತ್ತೆಂಟು ಅಧ್ಯಾಯ ಹಾರಿಸಿದಳೇ?

ಕತ್ರೀನಾ ಹತ್ತಿರ ಸರಿದು ಬಗ್ಗಿ ನೋಡಿದಳು. ಬಿಡಿಸಿದ ಪುಟದಲ್ಲಿ ಯೋಬನಿರಲಿಲ್ಲ. ಮೋಶೆಯ ಜನರು ಮರುಭೂಮಿಯಲ್ಲಿ ಅಲೆಯುವ ಪುಟ. ಅಕ್ಟೋಬರಿನ ಕೊನೆಗೇ ಓದಿ ಮುಗಿಸಬೇಕಾಗಿದ್ದದ್ದು, ಅಲ್ಲಿಂದ ಮುಂದೆ ಪುಟ ಮಗುಚಿಯೇ ಇರಲಿಲ್ಲ.

"ಅಮ್ಮಚ್ಚಿ," ಎಂದಳು. "ನಿಮಗೆ ಅಕ್ಷರ ಕಾಣ್ತದಾ?"

ಬ್ರಿಜಿತ್ ಪುಸ್ತಕ ಮುಚ್ಚಿದಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ. "ಇಲ್ಲ ಮೋಳೇ. ದೀಪಾವಳಿಯಿಂದ ಈಚೆಗೆ ಎಲ್ಲ ಹೊಗೆ ಹೊಗೆ. ಗೊತ್ತಿದ್ದದ್ದನ್ನು ಹೇಳ್ತಾ ಇದ್ದೆ. ಓದುದು ನಿಲ್ಲಿಸಿದ್ರೆ ಯಾಕೆ ಅಂತ ನೀನು ಕೇಳ್ತಿ ಅಲ್ವಾ."

"ಮೂರು ತಿಂಗಳು! ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಅವಸರ ಮಾಡ್ತಿ. ಏಪ್ರಿಲಿಗೆ ಔತ ಬರ್ತಾನಲ್ಲ, ಅವನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾನೆ ಅಂತ ಕಾದೆ." ಮುದುಕಿ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟಳು. "ಇನ್ನು ಮೂರು ವರ್ಷ ಅಂದ್ರೆ, ಅವನು ಎದುರು ಬಂದು ನಿಂತ್ರೂ ನನಗೆ ಮುಖ ಕಾಣ್ಲಿಕ್ಕಿಲ್ಲ ಮೋಳೇ."

ಈಗ ಕತ್ರೀನಾಳಿಗೆ ಅಳು ಬಂತು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಕಾಯುತ್ತಿರುವವಳು ತಾನೊಬ್ಬಳೇ ಎಂದುಕೊಂಡಿದ್ದಳು. ದಿನಾ ಎರಡು ಮೊಳ ದೂರದಲ್ಲಿ ಕುಳಿತ ಇನ್ನೊಬ್ಬಳಿಗೆ ತನಗಿಂತ ಕಡಿಮೆ ದಿನಗಳು ಉಳಿದಿವೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ಮೂರು ತಿಂಗಳು ಎದುರು ಕುಳಿತವಳು ಒಂದು ಸಂಜೆಯಾದರೂ ನೆಟ್ಟಗೆ ಕೇಳಿದ್ದರೆ ಗೊತ್ತಾಗುತ್ತಿತ್ತು.

"ಇದಕ್ಕೆ ಯಾಕೆ ಕಾಯ್ಬೇಕಿತ್ತು ಅಮ್ಮಚ್ಚಿ? ಇದು ರಬ್ಬರ್ ಮರವಾ?"

ಬ್ರಿಜಿತ್ ಅವಳ ತಲೆ ಸವರಿದಳು. "ನಿನ್ನದು ಓಟ ಹೆಚ್ಚಾಯ್ತು, ನನ್ನದು ಕೂರುದು ಹೆಚ್ಚಾಯ್ತು. ಇಬ್ಬರೂ ದೇವರ ಹೆಸರು ಹೇಳಿದೆವು."

ಕತ್ರೀನಾ ಮುಖ ಒರೆಸಿಕೊಂಡು ಪುಸ್ತಕವನ್ನು ತನ್ನ ತೊಡೆಗೆ ಎಳೆದುಕೊಂಡಳು. ಸಮಾಧಾನದ ಒಂದು ಕೀರ್ತನೆ ಹುಡುಕೋಣವೆಂದು ಪುಟ ಹಾರಿಸಹೊರಟವಳು ತಡೆದು ಕೇಳಿದಳು: "ಎಲ್ಲಿಂದ ಓದ್ಲಿ?"

"ನಿಂತಲ್ಲಿಂದ."

ನಿಂತಲ್ಲಿಂದ ಓದಿದಳು. ದೇವರು ತೋರಿಸಿದ ನಾಡಿಗೆ ಹೋಗಬೇಕಾದಾಗ ಹೆದರಿ ಹಿಂದೆ ಸರಿದ ಜನರು, ಹೋಗಬೇಡಿ ಎಂದಾಗ ಅವಸರದಿಂದ ಬೆಟ್ಟ ಹತ್ತಿ ಪೆಟ್ಟು ತಿಂದು ಇಳಿದರು. ಅವರಿಗೆ ಮರುಭೂಮಿಯಲ್ಲಿ ನಲವತ್ತು ವರ್ಷ. ಕತ್ರೀನಾ ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಮೂರು ವರ್ಷ ಮರುಭೂಮಿಯಲ್ಲೇ ಇರಬೇಕಾದ ಔತನ ನೆನಪಾಯಿತು. ಆದರೂ ಒಂದು ಸಾಲನ್ನೂ ಬಿಡಲಿಲ್ಲ.

ಮುಂದಿನ ವಾರ ಪುತ್ತೂರಿನಲ್ಲಿ ಕಣ್ಣಿನ ಕ್ಯಾಂಪ್ ಇದೆಯೆಂದು ಹೇಳಿದ್ದು ಮಹಾಬಲ. ಕತ್ರೀನಾ ತೋಟದ ಕಡೆ ಒಂದು ಕಣ್ಣಿಡಲು ವಸುಮತಿಗೆ ಹೇಳಿ, ಔತನಿಗೆ ಒಂದು ಕಾಗದ ಹಾಕಿದಳು. ಈ ಸಲ ಉದ್ದದ ಕಾಗದ, ಇದ್ದದ್ದು ಇದ್ದ ಹಾಗೆ. ಮರ ತನ್ನ ಹೊತ್ತಿಗೆ ಆಗಲಿ, ನಿಮ್ಮ ಕರಾರು ಅದರ ಹೊತ್ತಿಗೆ ಮುಗಿಯಲಿ, ನಾವಿಬ್ಬರೂ ಇಲ್ಲಿರುತ್ತೇವೆ ಎಂದು ಕೊನೆಯಲ್ಲಿ ಬರೆದಳು.

ಕ್ಯಾಂಪಿನ ದೊಡ್ಡ ಕೋಣೆಯಲ್ಲಿ ಸಾಲು ಮಂಚಗಳು, ಶಸ್ತ್ರಕ್ರಿಯೆಯಾದ ಎಲ್ಲರ ಕಣ್ಣಿಗೂ ಬಿಳಿ ಪಟ್ಟಿ. ಬ್ರಿಜಿತ್ ಎರಡು ದಿನ ಹೇಳಿದ ಹಾಗೆ ಅಲುಗದೆ ಮಲಗಿದ್ದಳು. ಮೂರನೆಯ ದಿನ ಮಧ್ಯಾಹ್ನ ಕತ್ರೀನಾ ಚೊಂಬಿನಲ್ಲಿ ನೀರು ತರುವಷ್ಟರಲ್ಲಿ ಮುದುಕಿಯ ಬೆರಳುಗಳು ಪಟ್ಟಿಯ ಅಂಚು ಹುಡುಕುತ್ತಿದ್ದವು. ಚೊಂಬು ನೆಲಕ್ಕಿಟ್ಟವಳೇ ಓಡಿ ಎರಡೂ ಕೈ ಹಿಡಿದುಕೊಂಡಳು.

"ಒಂದು ಮೂಲೆ ಮಾತ್ರ ಮೋಳೇ. ಬೆಳಕು ಬರ್ತದಾ ಅಂತ ನೋಡ್ತೇನೆ."

"ಬೇಡ ಅಮ್ಮಚ್ಚಿ. ಏಳನೆಯ ದಿವಸ ಡಾಕ್ಟ್ರೇ ಬಿಚ್ಚುದು."

"ಇವತ್ತು ಎಷ್ಟನೆಯದು?"

"ಮೂರು."

"ಮೂರೇ?" ಬ್ರಿಜಿತ್ ಕೈ ಬಿಡಿಸಿಕೊಳ್ಳಲು ಎಳೆದಳು. ಎಪ್ಪತ್ತು ದಾಟಿದ ಕೈಯಲ್ಲಿ ಅಷ್ಟು ಬಲವಿದೆಯೆಂದು ಕತ್ರೀನಾಳಿಗೆ ತಿಳಿದಿರಲಿಲ್ಲ. "ನನ್ನಿಂದ ಆಗುದಿಲ್ಲ. ಒಳಗೆ ಕತ್ತಲೆ, ಎದೆ ಒಡೀತದೆ. ಕಾಣದಿದ್ರೆ ಎಂತ ಮಾಡುದು? ಈಗಲೇ ಗೊತ್ತಾಗ್ಲಿ!" ಮುದುಕಿ ಅಳುವುದಕ್ಕೆ ಶುರುಮಾಡಿದಳು.

"ಅಳ್ಬಾರದು ಅಮ್ಮಚ್ಚಿ. ಹೊಲಿಗೆಗೆ ಆಗುದಿಲ್ಲ."

"ಅಳ್ಲಿಕ್ಕೂ ಕಾಯ್ಬೇಕಾ?"

"ಹೌದು," ಎಂದಳು ಕತ್ರೀನಾ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿಯಲ್ಲಿ ತೋರಗೊಡಲಿಲ್ಲ. "ಕಾಯ್ಲಿಕ್ಕೆ ನನಗೂ ಆಗುದಿಲ್ಲ. ಒಟ್ಟಿಗೆ ಕೂರುವ."

ಅತ್ತೆಯ ಎರಡೂ ಕೈಗಳನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮನೆಯಿಂದ ತಂದಿದ್ದ ವೇದಪುಸ್ತಕ ಬಿಡಿಸಿದಳು. ಆ ದಿನದ ಅಧ್ಯಾಯದಲ್ಲಿ ಬರೀ ಹೆಸರುಗಳಿದ್ದವು, ಕುಲ ಕುಲವಾಗಿ, ಒಂದರ ಹಿಂದೆ ಒಂದು. ಕತ್ರೀನಾ ಮೊದಲನೆಯದರಿಂದ ಶುರುಮಾಡಿದಳು.